ಕವಣೆ ಯಂತ್ರದ ಪ್ರಾಜೆಕ್ಟ್: ಮರ ಕೊಯ್ಯುವ ಮೊದಲು ಒಂದು ಪ್ರಶ್ನೆ ಹುಡುಕಿ

ಮುತ್ತಿಗೆ ಯಂತ್ರಗಳ ಮೇಲೆ ಪ್ರಾಜೆಕ್ಟ್ ಮಾಡುತ್ತೇವೆ ಅಂತ ಹೊರಟ ಹುಡುಗರು ಮೊದಲ ದಿನವೇ ಮರ, ಮೊಳೆ, ಹಗ್ಗ ತಂದುಬಿಡುತ್ತಾರೆ. ಎರಡು ವಾರದಲ್ಲಿ ಚೆಂದದ ಕವಣೆ ಯಂತ್ರ ರೆಡಿ. ಚೆಂಡು ಹಾರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ವರದಿ ಬರೆಯಲು ಕೂತಾಗ ಬರೆಯೋಕೆ ಏನೂ ಇರುವುದಿಲ್ಲ. "ನಾವು ಯಂತ್ರ ಮಾಡಿದೆವು, ಅದು ಕೆಲಸ ಮಾಡಿತು." ಅಷ್ಟೇ.

ನಾನೂ ಮೊದಲ ಸಲ ಇದನ್ನೇ ಮಾಡಿದ್ದೆ. ಹಾಗಾಗಿ ಈ ಲೇಖನದಲ್ಲಿ ಮರಗೆಲಸಕ್ಕಿಂತ ಮುಂಚಿನ ಮತ್ತು ಆಮೇಲಿನ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಯಾವ ಯಂತ್ರ?

ಕಲ್ಲು, ಬಾಣ ಎಸೆಯುವ ಹಳೆಯ ಯಂತ್ರಗಳಲ್ಲಿ ಮೂರು ಕುಟುಂಬಗಳಿವೆ. ಶಕ್ತಿ ಎಲ್ಲಿ ಕೂಡಿಟ್ಟಿದೆ ಅನ್ನುವುದರ ಮೇಲೆ ಈ ವಿಂಗಡಣೆ.

ಒಂದು, ದೊಡ್ಡ ಬಿಲ್ಲು. ಬಾಗಿದ ಬಿಲ್ಲಿನಲ್ಲೇ ಶಕ್ತಿ ಇರುತ್ತದೆ. ಕ್ರಿ.ಪೂ. 399ರಲ್ಲಿ ಸಿಸಿಲಿ ದ್ವೀಪದ ಗ್ರೀಕ್ ನಗರ ಸಿರಾಕ್ಯೂಸ್‌ನ ದೊರೆ ಡಯೊನಿಸಿಯಸ್ ದೂರದೂರದ ಕುಶಲಕರ್ಮಿಗಳನ್ನು ಕರೆಸಿ ಇಂಥ ಯಂತ್ರಗಳನ್ನು ಮಾಡಿಸಿದ. ಎರಡು, ತಿರುಚಿದ ಹುರಿ. ಪ್ರಾಣಿಗಳ ಸ್ನಾಯುವಿನ ನಾರು ಅಥವಾ ಕೂದಲಿನ ದಪ್ಪ ಕಟ್ಟನ್ನು ಬಿಗಿಯಾಗಿ ತಿರುಚಿ, ಅದರ ನಡುವೆ ತೋಳು ಸಿಕ್ಕಿಸುವುದು. ಆಮೇಲಿನ ಗ್ರೀಕರ, ರೋಮನ್ನರ ದೊಡ್ಡ ಯಂತ್ರಗಳು ಹೆಚ್ಚಾಗಿ ಈ ಕುಟುಂಬದವು. ಮೂರು, ಸನ್ನೆ. ನಡುವೆ ಅಚ್ಚು, ಒಂದು ಕಡೆ ಗಿಡ್ಡ ತೋಳು, ಇನ್ನೊಂದು ಕಡೆ ಉದ್ದ ತೋಳು. ನೀರೆತ್ತುವ ಏತ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಮೊದಲು ಗಿಡ್ಡ ತೋಳಿಗೆ ಹಗ್ಗ ಕಟ್ಟಿ ಜನರೇ ಎಳೆಯುತ್ತಿದ್ದರು. ಈ ಪದ್ಧತಿ ಹುಟ್ಟಿದ್ದು ಚೀನಾದಲ್ಲಿ. ಆರನೇ ಶತಮಾನ ಮುಗಿಯುವ ಹೊತ್ತಿಗೆ ಅದು ಮೆಡಿಟರೇನಿಯನ್ ತೀರಕ್ಕೂ ಬಂದಿತ್ತು. ಹನ್ನೆರಡನೇ ಶತಮಾನದಲ್ಲಿ ಎಳೆಯುವ ಜನರ ಜಾಗಕ್ಕೆ ಭಾರವಾದ ಪೆಟ್ಟಿಗೆ ಬಂತು. ಇದನ್ನೇ ಟ್ರೆಬುಶೆ ಅನ್ನುತ್ತಾರೆ.

ವಿದ್ಯಾರ್ಥಿಗಳಿಗೆ ನನ್ನ ಸಲಹೆ ಟ್ರೆಬುಶೆ. ಕಾರಣ ಸರಳ. ತಿರುಚಿದ ಹುರಿಯಲ್ಲಿ ಎಷ್ಟು ಶಕ್ತಿ ಇದೆ ಅಂತ ಅಳೆಯುವುದು ಕಷ್ಟ. ನಿನ್ನೆ ಇದ್ದ ಬಿಗಿ ಇವತ್ತು ಇರುವುದಿಲ್ಲ. ಅದೇ 3 ಕೆಜಿ ತೂಕ 34 ಸೆಂಟಿಮೀಟರ್ ಕೆಳಗೆ ಬಿದ್ದರೆ ಎಷ್ಟು ಶಕ್ತಿ ಅಂತ ಎಂಟನೇ ತರಗತಿಯ ಹುಡುಗಿಯೂ ಲೆಕ್ಕ ಹಾಕಬಲ್ಲಳು. ಇವತ್ತೂ ಅಷ್ಟೇ, ನಾಳೆಯೂ ಅಷ್ಟೇ.

ಎರಡನೇ ಹೆಜ್ಜೆ: ಪ್ರಶ್ನೆ

"ಟ್ರೆಬುಶೆ ಹೇಗೆ ಕೆಲಸ ಮಾಡುತ್ತದೆ?" ಇದು ಪ್ರಶ್ನೆ ಅಲ್ಲ, ಅಧ್ಯಾಯದ ಹೆಸರು. ಉತ್ತರವಾಗಿ ಒಂದು ಸಂಖ್ಯೆಯೋ ಒಂದು ಗ್ರಾಫೋ ಬರಬೇಕು, ಅಂಥದ್ದು ಹುಡುಕಿ. ತೂಕ ಎರಡರಷ್ಟು ಮಾಡಿದರೆ ದೂರವೂ ಎರಡರಷ್ಟಾಗುತ್ತದಾ? ತೂಕವನ್ನು ತೋಳಿಗೆ ಬಿಗಿಯಾಗಿ ಕಟ್ಟುವುದಕ್ಕೂ ತೂಗಾಡಲು ಬಿಡುವುದಕ್ಕೂ ಎಷ್ಟು ವ್ಯತ್ಯಾಸ? ಜೋಲಿಯ ಹಗ್ಗ ಉದ್ದ ಮಾಡುತ್ತಾ ಹೋದರೆ ಏನಾಗುತ್ತದೆ?

ನನಗೆ ಇಷ್ಟವಾದದ್ದು ಕೊನೆಯದು. ಉದ್ದ ತೋಳಿನ ತುದಿಗೆ ಜೋಲಿ ಕಟ್ಟಿ, ಕಲ್ಲನ್ನು ಅದರೊಳಗೆ ಇಡುತ್ತಾರೆ. ತೋಳು ಮೇಲೇಳುವಾಗ ಜೋಲಿ ಚಾಟಿಯ ಹಾಗೆ ಬೀಸುತ್ತದೆ. ನೋಡಲು ಬರೀ ಹಗ್ಗ. ಆದರೆ ಇಡೀ ಯಂತ್ರದ ಗುಟ್ಟು ಅಲ್ಲೇ ಇರುವುದು. ಹಗ್ಗ ಬದಲಾಯಿಸಲು ಮರ ಕೊಯ್ಯಬೇಕಾಗಿಲ್ಲ ಅನ್ನುವುದು ಇನ್ನೊಂದು ಅನುಕೂಲ.

ಮೂರನೇ ಹೆಜ್ಜೆ: ಕಾಗದದ ಮೇಲೆ ಎಸೆಯಿರಿ

ಯಂತ್ರ ಮಾಡುವ ಮೊದಲೇ ಅದು ಹೆಚ್ಚೆಂದರೆ ಎಷ್ಟು ದೂರ ಎಸೆಯಬಹುದು ಅಂತ ಲೆಕ್ಕ ಹಾಕಿ. ತೂಕ ಬೀಳುವಾಗ ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ ಪೂರ್ತಿಯಾಗಿ ಚೆಂಡಿನ ಚಲನ ಶಕ್ತಿ ಆಯಿತು ಅಂದುಕೊಳ್ಳಿ. ಚೆಂಡು 45 ಡಿಗ್ರಿ ಕೋನದಲ್ಲಿ ಹೊರಟಿತು, ಗಾಳಿಯ ತಡೆ ಇಲ್ಲ ಅಂತಲೂ ಇಟ್ಟುಕೊಳ್ಳಿ. ಶಕ್ತಿಯ ಸೂತ್ರ, ಎಸೆತದ ದೂರದ ಸೂತ್ರ ಎರಡನ್ನೂ ಸೇರಿಸಿದರೆ ಗುರುತ್ವ ವೇಗೋತ್ಕರ್ಷ ಹೊಡೆದುಹೋಗಿ ಉಳಿಯುವುದು ಇಷ್ಟೇ:

ಗರಿಷ್ಠ ದೂರ = 2 × (ಬೀಳುವ ತೂಕ ÷ ಚೆಂಡಿನ ತೂಕ) × ತೂಕ ಬೀಳುವ ಎತ್ತರ

ಒಂದು ಮಾದರಿಗೆ ಇದನ್ನು ಹಾಕಿ ನೋಡೋಣ. ತೋಳಿನ ಉದ್ದ 1 ಮೀಟರ್. ಅಚ್ಚಿನಿಂದ ಗಿಡ್ಡ ಕಡೆ 20 ಸೆಂಮೀ, ಉದ್ದ ಕಡೆ 80 ಸೆಂಮೀ. ಅಂದರೆ ಒಂದಕ್ಕೆ ನಾಲ್ಕು. ಅಚ್ಚು ನೆಲದಿಂದ 57 ಸೆಂಮೀ ಮೇಲೆ. ಉದ್ದ ತೋಳಿನ ತುದಿಯನ್ನು ನೆಲಕ್ಕೆ ತಾಗಿಸಿದರೆ ತೋಳು 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಆಗ ಗಿಡ್ಡ ತುದಿ ಅಚ್ಚಿಗಿಂತ 14 ಸೆಂಮೀ ಮೇಲಿರುತ್ತದೆ. ತೂಕ ಪೂರ್ತಿ ಬಿದ್ದಾಗ ಅಚ್ಚಿಗಿಂತ 20 ಸೆಂಮೀ ಕೆಳಗೆ. ಒಟ್ಟು ಬೀಳುವ ಎತ್ತರ 34 ಸೆಂಮೀ. ತೂಕ 3 ಕೆಜಿ, ಚೆಂಡು 50 ಗ್ರಾಂ ಆದರೆ ಅನುಪಾತ 60. ಎರಡು ಸಲ ಅರವತ್ತು, ಗುಣಿಸು 0.34. ಸುಮಾರು 41 ಮೀಟರ್.

ಈ 41 ಮೀಟರ್ ನಿಮಗೆ ಯಾವತ್ತೂ ಸಿಗುವುದಿಲ್ಲ. ಸಿಕ್ಕರೆ ಎಲ್ಲೋ ಅಳತೆ ತಪ್ಪಿದೆ! 20 ಮೀಟರ್ ಸಿಕ್ಕಿತು ಅನ್ನಿ. ದಕ್ಷತೆ ಸರಿಸುಮಾರು ಅರ್ಧ. ಚೆಂಡು ಜೋಲಿ ಬಿಡುವಾಗ ನೆಲದಿಂದ ಸ್ವಲ್ಪ ಮೇಲಿರುವುದರಿಂದ ಅಳೆದ ದೂರ ಒಂಚೂರು ಜಾಸ್ತಿಯೇ ಬಂದಿರುತ್ತದೆ. ಅದನ್ನು ವರದಿಯಲ್ಲಿ ಹೇಳಿದರೆ ಸಾಕು. ಉಳಿದ ಅರ್ಧ ಶಕ್ತಿ ಎಲ್ಲಿ ಹೋಯಿತು? ಸ್ವಲ್ಪ ಅಚ್ಚಿನ ಘರ್ಷಣೆಗೆ. ಸ್ವಲ್ಪ ಇನ್ನೂ ತೂಗಾಡುತ್ತಿರುವ ಪೆಟ್ಟಿಗೆಯಲ್ಲೇ ಉಳಿದಿದೆ. ದೊಡ್ಡ ಪಾಲು ತಿನ್ನುವುದು ತೋಳು. 50 ಗ್ರಾಂ ಚೆಂಡು ಎಸೆಯಲು 400 ಗ್ರಾಂ ಮರದ ತೋಳನ್ನೂ ಜೋರಾಗಿ ತಿರುಗಿಸಬೇಕಲ್ವಾ? ಆದ್ದರಿಂದ ತೋಳನ್ನು ತೂಕ ಮಾಡಿ ಬರೆದಿಟ್ಟುಕೊಳ್ಳಿ. ಹೆಚ್ಚಿನವರು ಇದೊಂದನ್ನು ಮರೆಯುತ್ತಾರೆ.

ನಾಲ್ಕನೇ ಹೆಜ್ಜೆ: ಕಟ್ಟುವುದು

ಇದರ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. ಚೌಕಟ್ಟು ಗಟ್ಟಿಯಾಗಿರಲಿ. ಅಲುಗಾಡುವ ಚೌಕಟ್ಟು ಶಕ್ತಿ ತಿನ್ನುತ್ತದೆ, ಅಳತೆಯನ್ನೂ ಕೆಡಿಸುತ್ತದೆ. ಅಚ್ಚಿಗೆ ನುಣುಪಾದ ಕಬ್ಬಿಣದ ಸರಳು. ತೂಕದ ಪೆಟ್ಟಿಗೆ ತೂಗಾಡುವ ಹಾಗಿರಲಿ. ಅದು ನೆಲಕ್ಕೆ, ಚೌಕಟ್ಟಿಗೆ ತಾಗಬಾರದು. ಜೋಲಿಗೆ ಒಂದು ತುಂಡು ಗಟ್ಟಿ ಬಟ್ಟೆ, ಎರಡು ಹಗ್ಗ. ಒಂದು ಹಗ್ಗ ತೋಳಿಗೆ ಬಿಗಿಯಾಗಿ ಕಟ್ಟಿರಬೇಕು. ಇನ್ನೊಂದರ ತುದಿಗೆ ಸಣ್ಣ ಲೋಹದ ಉಂಗುರ. ಆ ಉಂಗುರ ತೋಳಿನ ತುದಿಯ ಮೊಳೆಗೆ ಸಡಿಲವಾಗಿ ಸಿಕ್ಕಿಕೊಂಡಿರುತ್ತದೆ. ಮೊಳೆಯ ತಲೆ ಕತ್ತರಿಸಿ, ಅರದಿಂದ ಉಜ್ಜಿ ನುಣುಪು ಮಾಡಿ. ಜೋಲಿಯ ಉದ್ದ ಮೊದಲಿಗೆ ಉದ್ದ ತೋಳಿನಷ್ಟೇ ಇರಲಿ. ಆಮೇಲೆ ಬದಲಾಯಿಸೋಣ.

ಈ ಮೊಳೆಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ತೋಳು ಮೇಲೇಳುತ್ತಾ, ಜೋಲಿ ಬೀಸುತ್ತಾ, ಒಂದು ಕ್ಷಣದಲ್ಲಿ ಉಂಗುರ ಮೊಳೆಯಿಂದ ಜಾರುತ್ತದೆ. ಜಾರಿದ ಕ್ಷಣವೇ ಚೆಂಡು ಸ್ವತಂತ್ರ. ಮೊಳೆ ನೆಟ್ಟಗಿದ್ದರೆ ಉಂಗುರ ಬೇಗ ಜಾರುತ್ತದೆ, ಚೆಂಡು ತುಂಬಾ ಮೇಲಕ್ಕೆ ಹೋಗುತ್ತದೆ. ಮೊಳೆಯನ್ನು ಎಸೆಯುವ ದಿಕ್ಕಿಗೆ ಬಗ್ಗಿಸುತ್ತಾ ಹೋದ ಹಾಗೆ ಉಂಗುರ ತಡವಾಗಿ ಜಾರುತ್ತದೆ, ಚೆಂಡು ತಗ್ಗಿನಲ್ಲಿ ಹೋಗುತ್ತದೆ. ಜಾಸ್ತಿ ಬಗ್ಗಿಸಿದರೆ ಚೆಂಡು ನೇರವಾಗಿ ಮುಂದಿನ ನೆಲಕ್ಕೆ ಅಪ್ಪಳಿಸುತ್ತದೆ. ನನ್ನ ಮೊದಲ ಮಾದರಿಯಲ್ಲಿ ಮೊಳೆ ಪೂರ್ತಿ ನೆಟ್ಟಗಿತ್ತು. ಚೆಂಡು ಹಿಂದಕ್ಕೆ ಹಾರಿತು. ಹಿಂದೆ ನಿಂತು ವಿಡಿಯೊ ಮಾಡುತ್ತಿದ್ದ ಗೆಳೆಯನ ಕಿವಿ ಪಕ್ಕದಲ್ಲೇ ಹೋಯಿತು. ಆ ವಿಡಿಯೊ ಈಗಲೂ ಇದೆ. ಅದರಲ್ಲಿ ಕಾಣುವುದು ಆಕಾಶ ಮಾತ್ರ.

ಇದೇನೂ ಹೊಸ ತಪ್ಪಲ್ಲ. 1521ರಲ್ಲಿ ಸ್ಪೇನಿನ ಕೋರ್ಟೆಸ್‌ನ ಸೈನ್ಯ ಈಗಿನ ಮೆಕ್ಸಿಕೊದಲ್ಲಿದ್ದ ಅಜ್ಟೆಕ್ ರಾಜಧಾನಿ ಟೆನೋಚ್ಟಿಟ್ಲಾನ್‌ಗೆ ಮುತ್ತಿಗೆ ಹಾಕಿದಾಗ ಮದ್ದಿನ ಪುಡಿ ಕಡಿಮೆಯಾಗಿತ್ತು. ತನಗೆ ಕವಣೆ ಯಂತ್ರ ಮಾಡಲು ಬರುತ್ತದೆ ಅಂತ ಒಬ್ಬ ಸೈನಿಕ ಮುಂದೆ ಬಂದ. ಯಂತ್ರ ಎದ್ದು ನಿಂತಿತು. ಕಲ್ಲು ನೆಟ್ಟಗೆ ಮೇಲಕ್ಕೆ ಹೋಗಿ, ಹೊರಟ ಜಾಗಕ್ಕೇ ವಾಪಸ್ ಬಿತ್ತು ಅಂತ ಅಲ್ಲಿದ್ದ ಸೈನಿಕ ಬರ್ನಾಲ್ ಡಿಯಾಸ್ ಬರೆದಿದ್ದಾನೆ. ಕಾರಣ ಅವನು ಹೇಳಿಲ್ಲ. ಆದರೆ ಮೊಳೆ ಬಗ್ಗಿಸಿ ಪರದಾಡಿದವರಿಗೆ ಅನುಮಾನ ಎಲ್ಲಿ ಹೋಗುತ್ತದೆ ಅಂತ ಬೇರೆ ಹೇಳಬೇಕಾ?

ಸುರಕ್ಷತೆ, ಮುಲಾಜಿಲ್ಲದೆ

20 ಮೀಟರ್ ಹೋಗುವ ಚೆಂಡು ಜೋಲಿ ಬಿಡುವಾಗ ಸೆಕೆಂಡಿಗೆ 14 ಮೀಟರ್ ವೇಗದಲ್ಲಿರುತ್ತದೆ. ಗಂಟೆಗೆ 50 ಕಿಮೀ. ಕಣ್ಣಿಗೆ ಬಿದ್ದರೆ ಕಥೆ ಮುಗಿಯಿತು. ಆದ್ದರಿಂದ ಗೋಲಿ, ಕಲ್ಲು, ಲೋಹ ಬೇಡ. ಮೆತ್ತನೆಯ ರಬ್ಬರ್ ಚೆಂಡು ಸಾಕು. ಯಂತ್ರದ ಮುಂದೆಯೂ ಯಾರೂ ನಿಲ್ಲಬಾರದು, ಹಿಂದೆಯೂ ನಿಲ್ಲಬಾರದು. ಎಲ್ಲರೂ ಪಕ್ಕಕ್ಕೆ, ದೂರಕ್ಕೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ. ತೋಳನ್ನು ಕೆಳಗೆ ಹಿಡಿದಿಡುವ ಕೀಲಿಯನ್ನು ಎಳೆಯುವ ದಾರ ಕನಿಷ್ಠ 3 ಮೀಟರ್. ತೋಳು ಕೆಳಗಿಳಿಸಿದ ಕೂಡಲೇ ಚೌಕಟ್ಟಿಗೆ ಅಡ್ಡಲಾಗಿ ಒಂದು ಸರಳು ತೂರಿಸಿ. ಕೀಲಿ ತಪ್ಪಿದರೂ ತೋಳು ಏಳಬಾರದು. ಚೆಂಡು ಇಟ್ಟ ಮೇಲೆ, ಎಲ್ಲರೂ ದೂರ ಹೋದ ಮೇಲೆ ಆ ಸರಳನ್ನು ಪಕ್ಕದಿಂದ ತೆಗೆಯಿರಿ. ತೋಳಿನ ಮೇಲೆ ಯಾವತ್ತೂ ಬಗ್ಗಬೇಡಿ. ದೊಡ್ಡವರೊಬ್ಬರು ಜೊತೆಗಿಲ್ಲದೆ ಒಂದು ಎಸೆತವೂ ಬೇಡ.

ಐದನೇ ಹೆಜ್ಜೆ: ಅಳತೆ, ಅಲ್ಲಿರುವ ಒಂದು ಬಲೆ

ಜೋಲಿಯ ಉದ್ದ 50, 60, 70, 80, 90 ಸೆಂಮೀ ಅಂತ ಐದು ಸಲ ಬದಲಾಯಿಸಿ. ಪ್ರತಿ ಉದ್ದಕ್ಕೂ ಹತ್ತು ಎಸೆತ. ಒಟ್ಟು ಐವತ್ತು. ಒಂದೇ ದಿನ, ಗಾಳಿ ಇಲ್ಲದ ಹೊತ್ತಿನಲ್ಲಿ. ಚೆಂಡು ಮೊದಲು ನೆಲ ಮುಟ್ಟಿದ ಜಾಗ ಗುರುತಿಸಬೇಕು, ಉರುಳಿ ನಿಂತ ಜಾಗ ಅಲ್ಲ. ನೆಲದ ಮೇಲೆ ಮರಳು ಹರಡಿದ್ದರೆ ಗುರುತು ತಾನಾಗಿ ಬೀಳುತ್ತದೆ. ಹತ್ತರ ಸರಾಸರಿ ಬರೆಯಿರಿ. ಜೊತೆಗೆ ಅತಿ ಕಡಿಮೆ, ಅತಿ ಹೆಚ್ಚು ಎಷ್ಟು ಅಂತಲೂ ಬರೆಯಿರಿ. 70 ಸೆಂಮೀಗೆ ಸರಾಸರಿ 19 ಮೀಟರ್, 80ಕ್ಕೆ 20 ಮೀಟರ್ ಬಂತು ಅಂದುಕೊಳ್ಳಿ. ಆದರೆ ಪ್ರತಿಯೊಂದರಲ್ಲೂ ಎಸೆತಗಳು ಎರಡು ಮೀಟರ್ ಆಚೀಚೆ ಚದುರಿದ್ದರೆ "80 ವಾಸಿ" ಅನ್ನಲು ನಿಮಗೆ ಧೈರ್ಯ ಬರಬಾರದು.

ಈಗ ಬಲೆ. "ಒಂದು ಸಲಕ್ಕೆ ಒಂದೇ ಅಂಶ ಬದಲಾಯಿಸಿ" ಅಂತ ಎಲ್ಲ ಪುಸ್ತಕದಲ್ಲೂ ಇರುತ್ತದೆ. ನೀವು ಜೋಲಿಯ ಉದ್ದ ಮಾತ್ರ ಬದಲಾಯಿಸಿದಿರಿ, ಸರಿ. ಆದರೆ ಜೋಲಿ ಉದ್ದವಾದರೆ ಅದು ನಿಧಾನವಾಗಿ ಬೀಸುತ್ತದೆ. ಮೊಳೆ ಅದೇ ಆದರೂ ಉಂಗುರ ಬೇರೆ ಹೊತ್ತಿನಲ್ಲಿ ಜಾರುತ್ತದೆ. ಅಂದರೆ ಚೆಂಡು ಹೊರಡುವ ಕೋನವೂ ನಿಮಗೆ ಗೊತ್ತಿಲ್ಲದೆ ಬದಲಾಯಿತು. ದೂರ ಕಡಿಮೆಯಾದರೆ ಅದು ಉದ್ದದ ತಪ್ಪೋ ಕೋನದ ತಪ್ಪೋ?

ಇದಕ್ಕೆ ಎರಡು ದಾರಿ. ಒಂದು, ಪ್ರತಿ ಉದ್ದಕ್ಕೂ ಮೊಳೆಯನ್ನು ಹೊಸದಾಗಿ ಬಗ್ಗಿಸಿ, ಆ ಉದ್ದಕ್ಕೆ ಸಿಗುವ ಅತ್ಯುತ್ತಮ ದೂರ ಹುಡುಕುವುದು. ಬೇಜಾನ್ ಕೆಲಸ, ಆದರೆ ಹೋಲಿಕೆ ನ್ಯಾಯವಾದದ್ದು. ಎರಡು, ಮೊಳೆ ಮುಟ್ಟದೆ, ಪ್ರತಿ ಎಸೆತದ ವಿಡಿಯೊದಿಂದ ಕೋನ ಮತ್ತು ವೇಗ ಎರಡನ್ನೂ ಅಳೆಯುವುದು. ನಾನು ಎರಡನೆಯದನ್ನು ಆರಿಸುತ್ತೇನೆ. ದೂರ ಒಂದೇ ನೋಡಿದರೆ ಕಾಣದ ಸಂಗತಿ ಇಲ್ಲಿ ಕಾಣುತ್ತದೆ. ವೇಗ ಜಾಸ್ತಿಯಾಗಿದ್ದರೂ ಕೋನ ಕೆಟ್ಟು ದೂರ ಕಡಿಮೆಯಾದ ಎಸೆತಗಳು ಸಿಗುತ್ತವೆ.

ಮೊಬೈಲ್‌ನ ಸ್ಲೋ ಮೋಷನ್ ಇದಕ್ಕೆ ಸಾಕು. ಸೆಕೆಂಡಿಗೆ 30 ಚಿತ್ರ ತೆಗೆದರೆ ಎರಡು ಚಿತ್ರಗಳ ನಡುವೆ ಚೆಂಡು 47 ಸೆಂಮೀ ಹೋಗಿಬಿಡುತ್ತದೆ. 240 ಚಿತ್ರ ತೆಗೆದರೆ 6 ಸೆಂಮೀಗಿಂತ ಕಡಿಮೆ. ಫೋನನ್ನು ಸ್ಟ್ಯಾಂಡಿಗೆ ಹಾಕಿ, ಪಕ್ಕದಿಂದ ನಾಲ್ಕೈದು ಮೀಟರ್ ದೂರದಲ್ಲಿಡಿ. ಚೆಂಡು ಹಾರುವ ಸಮತಲದಲ್ಲೇ ಒಂದು ಮೀಟರ್ ಕೋಲು ನಿಲ್ಲಿಸಿ, ಅಳತೆಗೆ ಬೇಕು. ಟ್ರ್ಯಾಕರ್ ಅನ್ನುವ ಉಚಿತ ತಂತ್ರಾಂಶದಲ್ಲಿ ಒಂದೊಂದೇ ಚಿತ್ರದಲ್ಲಿ ಚೆಂಡಿನ ಮೇಲೆ ಗುರುತು ಹಾಕುತ್ತಾ ಹೋದರೆ ವೇಗವೂ ಕೋನವೂ ಸಿಗುತ್ತವೆ.

ಕೆಟ್ಟ ಎಸೆತಗಳನ್ನು ಅಳಿಸಬೇಡಿ. "ಉಂಗುರ ಸಿಕ್ಕಿಕೊಂಡಿತು, ಚೆಂಡು 4 ಮೀಟರ್‌ನಲ್ಲಿ ಬಿತ್ತು" ಅಂತ ಪುಸ್ತಕದಲ್ಲಿ ಇರಲಿ. ಸರಾಸರಿಗೆ ಸೇರಿಸದಿದ್ದರೆ ಯಾಕೆ ಸೇರಿಸಲಿಲ್ಲ ಅಂತ ಪಕ್ಕದಲ್ಲಿ ಬರೆಯಿರಿ.

ಆರನೇ ಹೆಜ್ಜೆ: ಇತಿಹಾಸವನ್ನೂ ಅಳೆಯಿರಿ

ಹೆಚ್ಚಿನ ಪ್ರಾಜೆಕ್ಟ್‌ಗಳಲ್ಲಿ ಇತಿಹಾಸ ಅಂದರೆ ಮೊದಲ ಎರಡು ಪುಟದ ಅಲಂಕಾರ. ಎಲ್ಲಿಂದಲೋ ಎತ್ತಿ ಹಾಕಿದ್ದು. ಹಾಗೆ ಮಾಡಬೇಡಿ. ಅಳತೆಯನ್ನು ಅನುಮಾನಿಸಿದ ಹಾಗೆ ಹಳೆಯ ಬರಹವನ್ನೂ ಅನುಮಾನಿಸಿ.

ಒಂದು ಉದಾಹರಣೆ ಪೂರ್ತಿ ನೋಡೋಣ. ಚೀನಾದ ಶಿಯಾಂಗ್‌ಯಾಂಗ್ ಕೋಟೆಗೆ ಮಂಗೋಲರು ವರ್ಷಗಟ್ಟಲೆ ಮುತ್ತಿಗೆ ಹಾಕಿದ್ದರು. ಕೊನೆಗೆ ಅದು ಶರಣಾದದ್ದು 1273ರಲ್ಲಿ, ದೊಡ್ಡ ಟ್ರೆಬುಶೆಗಳು ಬಂದ ಮೇಲೆ. ಆ ಯಂತ್ರಗಳನ್ನು ಮಾಡಿಸಿದ್ದು ತನ್ನ ತಂದೆ, ಚಿಕ್ಕಪ್ಪ ಮತ್ತು ತಾನು ಅಂತ ಮಾರ್ಕೊ ಪೋಲೊನ ಹೆಸರಿನ ಪ್ರವಾಸ ಕಥನ ಹೇಳುತ್ತದೆ. ಓದಲು ಚೆನ್ನಾಗಿದೆ. ಈಗ ದಿನಾಂಕ ಪಕ್ಕದಲ್ಲಿಡಿ. ಪೋಲೊ ಮಂಗೋಲ ದೊರೆ ಕುಬ್ಲೈ ಖಾನನ ಆಸ್ಥಾನ ತಲುಪಿದ್ದು 1275ರ ಹೊತ್ತಿಗೆ. ಕೋಟೆ ಬಿದ್ದು ಎರಡು ವರ್ಷ ಆಗಿತ್ತು! ಇನ್ನು ಚೀನಾದ ದಾಖಲೆಗಳಲ್ಲಿ ಇರುವ ಹೆಸರುಗಳೇ ಬೇರೆ: ಪಶ್ಚಿಮದಿಂದ ಕರೆಸಿಕೊಂಡ ಇಸ್ಮಾಯಿಲ್ ಮತ್ತು ಅಲಾವುದ್ದೀನ್ ಅನ್ನುವ ಇಬ್ಬರು ಮುಸ್ಲಿಂ ಕುಶಲಕರ್ಮಿಗಳು. ಹತ್ತು ನಿಮಿಷದ ಕೆಲಸ ಇದು. ಆದರೆ ಹೀಗೆ ಎರಡು ಮೂಲಗಳನ್ನು ಎದುರುಬದುರು ನಿಲ್ಲಿಸಿದ ಒಂದು ಪ್ಯಾರಾ ನಿಮ್ಮ ವರದಿಯಲ್ಲಿದ್ದರೆ ಸಾಕು. ಹತ್ತು ಪುಟದ ಅಲಂಕಾರ ಬೇಕಾಗಿಲ್ಲ.

ಯಾರು ಬರೆದರು, ಅವರು ಅಲ್ಲಿದ್ದರಾ, ಎಷ್ಟು ವರ್ಷದ ಮೇಲೆ ಬರೆದರು? ಈ ಮೂರು ಪ್ರಶ್ನೆ ಎಲ್ಲ ಕಡೆ ಕೇಳಿ. 1346ರಲ್ಲಿ ಮಂಗೋಲರು ಕಪ್ಪು ಸಮುದ್ರದ ತೀರದ ಕಾಫಾ ಕೋಟೆಯೊಳಗೆ ಪ್ಲೇಗ್‌ನಿಂದ ಸತ್ತವರ ಹೆಣಗಳನ್ನು ಕವಣೆಯಿಂದ ಎಸೆದರು ಅನ್ನುವ ಕಥೆ ಎಲ್ಲೆಲ್ಲೂ ಇದೆ. ಅದನ್ನು ಬರೆದ ಗೇಬ್ರಿಯೆಲ್ ದೆ ಮುಸ್ಸಿ ಇಟಲಿಯವನು, ಮುತ್ತಿಗೆಯನ್ನು ಕಣ್ಣಾರೆ ಕಂಡವನಲ್ಲ. ಹಾಗಂತ ಸುಳ್ಳು ಅಂತ ಅಲ್ಲ. ಕೇಳಿ ಬರೆದದ್ದು ಅಂತ ನೀವು ಹೇಳಬೇಕು, ಅಷ್ಟೇ. ಇನ್ನೊಂದು ಕಡೆ, 1304ರಲ್ಲಿ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಸ್ಕಾಟ್‌ಲ್ಯಾಂಡಿನ ಸ್ಟರ್ಲಿಂಗ್ ಕೋಟೆಯ ಮುಂದೆ 'ವಾರ್‌ವುಲ್ಫ್' ಅನ್ನುವ ಭಾರಿ ಟ್ರೆಬುಶೆ ಕಟ್ಟಿಸಿದ. ಕೋಟೆಯವರು ಶರಣಾಗುತ್ತೇವೆ ಅಂದರೂ, ಯಂತ್ರ ಹೊಡೆಯುವ ತನಕ ಒಪ್ಪಲಿಲ್ಲ. ಇಷ್ಟು ಖರ್ಚು ಮಾಡಿದ ಮೇಲೆ ಒಮ್ಮೆ ನೋಡದೆ ಬಿಡುವುದುಂಟೇ ಅನ್ನುವ ಹಾಗೆ.

ಬರಹ ಮಾತ್ರ ಅಲ್ಲ, ವಸ್ತುಗಳೂ ಮಾತಾಡುತ್ತವೆ. ಕೋಟೆಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಗುಂಡಗಿನ ಕಲ್ಲುಗಳು ಸಿಗುತ್ತವೆ. ಅಡ್ಡಳತೆ ಗೊತ್ತಾದರೆ ತೂಕ ಗೊತ್ತಾಯಿತು. ಗ್ರಾನೈಟ್‌ನ 30 ಸೆಂಮೀ ಗುಂಡು ಸುಮಾರು 37 ಕೆಜಿ. 40 ಸೆಂಮೀ ಆದರೆ ಸುಮಾರು 87 ಕೆಜಿ. ಹತ್ತೇ ಸೆಂಟಿಮೀಟರ್‌ಗೆ ತೂಕ ಎರಡು ಪಟ್ಟಿಗೂ ಜಾಸ್ತಿ. ಆ ತೂಕವನ್ನು ಮೂರನೇ ಹೆಜ್ಜೆಯ ಸೂತ್ರಕ್ಕೆ ಹಾಕಿ, ನಿಮ್ಮ ಯಂತ್ರದ ದಕ್ಷತೆಯನ್ನೇ ಇಟ್ಟುಕೊಂಡು, ಅದನ್ನು 150 ಮೀಟರ್ ಎಸೆಯಲು ಎಷ್ಟು ಭಾರದ ಪೆಟ್ಟಿಗೆ ಬೇಕಿತ್ತು ಅಂತ ನೋಡಿ. 37 ಕೆಜಿಗೆ, ಅರ್ಧ ದಕ್ಷತೆಯಲ್ಲಿ, ಪೆಟ್ಟಿಗೆ 4 ಮೀಟರ್ ಬೀಳುತ್ತದೆ ಅಂದುಕೊಂಡರೆ ಸುಮಾರು 1,400 ಕೆಜಿ. ಡೆನ್ಮಾರ್ಕ್‌ನಲ್ಲಿ 1989ರಲ್ಲಿ ಕಟ್ಟಿದ ಪೂರ್ಣ ಗಾತ್ರದ ಪ್ರತಿಕೃತಿ 2 ಟನ್ ತೂಕದಿಂದ 15 ಕೆಜಿ ಗುಂಡನ್ನು 150 ಮೀಟರ್‌ಗೂ ಆಚೆ ಎಸೆದಿದೆ. ನಿಮ್ಮ ಲೆಕ್ಕವನ್ನು ಅದರ ಪಕ್ಕ ಇಟ್ಟು ನೋಡಿದರೆ, ಮೇಜಿನ ಮೇಲಿನ ಮಾದರಿಯ ದಕ್ಷತೆ ದೊಡ್ಡ ಮರದ ಯಂತ್ರಕ್ಕೆ ಹೊಂದುತ್ತದಾ ಅನ್ನುವ ಹೊಸ ಪ್ರಶ್ನೆ ಹುಟ್ಟುತ್ತದೆ. ಅದನ್ನು ವರದಿಯಲ್ಲಿ ಹಾಗೇ ಬಿಡಿ, ಉತ್ತರ ಕಟ್ಟಬೇಡಿ.

ಸಮಯ ಇದ್ದರೆ ಗ್ರೀಕರ ಒಂದು ಸೂತ್ರವನ್ನೂ ನೋಡಿ. ಕ್ರಿ.ಪೂ. ಮೂರನೇ ಶತಮಾನದ ಬೈಜಾಂಟಿಯಂನ ಫೈಲೊ ಬರೆದದ್ದು. ತಿರುಚಿದ ಹುರಿ ಹಾಯುವ ತೂತು ಎಷ್ಟು ದೊಡ್ಡದಿರಬೇಕು? ಕಲ್ಲಿನ ತೂಕವನ್ನು ಮಿನಾ (ಗ್ರೀಕರ ತೂಕದ ಅಳತೆ) ಲೆಕ್ಕದಲ್ಲಿ ತಗೊಂಡು ನೂರರಿಂದ ಗುಣಿಸಿ, ಘನಮೂಲ ತೆಗೆದು, ಅದಕ್ಕೆ ಅದರದೇ ಹತ್ತನೇ ಒಂದು ಭಾಗ ಸೇರಿಸಿ. ಉತ್ತರ ಬೆರಳಿನ ಅಗಲದ ಲೆಕ್ಕದಲ್ಲಿ ಬರುತ್ತದೆ. 10 ಮಿನಾ ಕಲ್ಲಾದರೆ ಸಾವಿರ, ಅದರ ಘನಮೂಲ ಹತ್ತು, ಸೇರಿಸಿದರೆ 11 ಬೆರಳು. ಈಗಿನ ಲೆಕ್ಕದಲ್ಲಿ 4.4 ಕೆಜಿ ಕಲ್ಲಿಗೆ ಸುಮಾರು 21 ಸೆಂಮೀ ತೂತು. ಘನಮೂಲ ಯಾಕೆ ಬಂತು? ಹುರಿಯಲ್ಲಿ ಕೂಡಿಡುವ ಶಕ್ತಿ ಅದರ ಗಾತ್ರಕ್ಕೆ ತಕ್ಕ ಹಾಗೆ, ಗಾತ್ರ ಅಗಲದ ಘನಕ್ಕೆ ತಕ್ಕ ಹಾಗೆ. ಅವರಿಗೆ ಶಕ್ತಿ ಅನ್ನುವ ಪದವೇ ಇರಲಿಲ್ಲ. ಅಲೆಕ್ಸಾಂಡ್ರಿಯಾದ ಕುಶಲಕರ್ಮಿಗಳು ರಾಜರ ಹಣದ ಬೆಂಬಲದಲ್ಲಿ, ತೂತು ಒಮ್ಮೆ ದೊಡ್ಡದು ಮಾಡಿ, ಒಮ್ಮೆ ಚಿಕ್ಕದು ಮಾಡಿ, ಎಸೆದು ಎಸೆದು ಇದನ್ನು ಕಂಡುಕೊಂಡರು ಅಂತ ಫೈಲೊ ಹೇಳುತ್ತಾನೆ. ನೀವು ಜೋಲಿಯ ಹಗ್ಗದಲ್ಲಿ ಮಾಡುತ್ತಿರುವುದೂ ಅದೇ.

ವರದಿ ಮತ್ತು ಪ್ರದರ್ಶನ

ವರದಿಯನ್ನು ಗ್ರಾಫ್‌ನಿಂದ ಶುರು ಮಾಡಿ ಬರೆಯಿರಿ. ಮೊದಲು ಗ್ರಾಫ್ ಹಾಕಿ, ಅದರ ಕೆಳಗೆ ಅದು ಏನು ಹೇಳುತ್ತದೆ ಅಂತ ಎರಡು ವಾಕ್ಯ, ಆಮೇಲೆ ಹೇಗೆ ಅಳೆದಿರಿ ಅನ್ನುವುದು. ಪೀಠಿಕೆ ಕೊನೆಗೆ ಬರೆದರೆ ಸುಲಭ. ಗ್ರಾಫ್‌ನಲ್ಲಿ ಸರಾಸರಿಯ ಚುಕ್ಕಿ ಮಾತ್ರ ಇಡಬೇಡಿ, ಎಸೆತಗಳು ಎಷ್ಟು ಚದುರಿದ್ದವು ಅಂತ ತೋರಿಸುವ ಗೆರೆಯನ್ನೂ ಎಳೆಯಿರಿ. ನೋಡುವವರು ಮೊದಲು ಕೇಳುವುದೇ ಅದನ್ನು.

ಪ್ರದರ್ಶನದ ದಿನ ಒಳಗೆ, ಜನರ ನಡುವೆ ಎಸೆಯುವ ಆಸೆ ಬರುತ್ತದೆ. ಬೇಡ. ತೂಕದ ಪೆಟ್ಟಿಗೆ ಖಾಲಿ ಮಾಡಿ ಯಂತ್ರ ಇಡಿ, ಪಕ್ಕದಲ್ಲಿ ಸ್ಲೋ ಮೋಷನ್ ವಿಡಿಯೊ ಓಡಲಿ. ತೋಳನ್ನು ಕೈಯಲ್ಲಿ ಮೆಲ್ಲಗೆ ಎತ್ತಿ, ಉಂಗುರ ಮೊಳೆಯಿಂದ ಜಾರುವ ಜಾಗದಲ್ಲಿ ನಿಲ್ಲಿಸಿ ತೋರಿಸಿ. ಮೂರು ಬೇರೆ ಬೇರೆ ಕೋನದಲ್ಲಿ ಬಗ್ಗಿಸಿದ ಮೊಳೆಗಳನ್ನು ಒಂದು ಹಲಗೆಗೆ ಹೊಡೆದು, ಪ್ರತಿಯೊಂದರ ಕೆಳಗೆ ಚೆಂಡು ಎಲ್ಲಿ ಬಿತ್ತು ಅಂತ ಬರೆದಿಡಿ. "ಹಿಂದಕ್ಕೆ" ಅಂತ ಬರೆದ ಮೊಳೆಯ ಮುಂದೆ ಜನ ಜಾಸ್ತಿ ಹೊತ್ತು ನಿಲ್ಲುತ್ತಾರೆ.